ಸೋಹಾರಿನಲ್ಲಿ ಸೋತ ದರೋಡೆಕೋರ

ಶನಿವಾರ ಬೆಳಿಗ್ಗೆ ಆರೂವರೆಗೆ ಇಬ್ರಾಹಿಂ ಅವರ ಕಾರು ಮಸ್ಕತ್‌ನ ಅಲ್ ಅಜೈಬಾದಲ್ಲಿರುವ ನಮ್ಮ ಕಟ್ಟಡದ ಕೆಳಗೆ ಬಂದು ಹಾರ್ನ್ ಹೊಡೆಯಿತು. ವಾದಿ ಕಬೀರ್‌ನಲ್ಲಿ ಗ್ಯಾರೇಜ್ ನಡೆಸುವ ಇವರು ವಿಟ್ಲದ ಕಡೆಯ ಬ್ಯಾರಿ. ಊರಿನಲ್ಲೂ ಇಲ್ಲೂ ಸೇರಿ ಇಪ್ಪತ್ತು ವರ್ಷದಿಂದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದಾರೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದರೆ, ಕುಳಿತವರು ಪಾತ್ರವಾಗಿ ಸ್ಥಳದಲ್ಲೇ ಮಾತು ಕಟ್ಟಿ ವಾದಿಸಬೇಕು. ಇಬ್ರಾಹಿಂ ಅವರನ್ನು ವಾದದಲ್ಲಿ ಸೋಲಿಸಿದವರನ್ನು ನಾನು ಕಂಡಿಲ್ಲ. ಆ ದಿನ ನನ್ನ ತಲೆಬಿಸಿಯೂ ಅದೇ ಆಗಿತ್ತು.

ಏಕೆಂದರೆ ಪ್ರಸಂಗ ನನ್ನದು. ಕ್ಲಿನಿಕ್ಕಿನಲ್ಲಿ ನನಗೆ ಲ್ಯಾಬ್ ಕೆಲಸ, ಉಳಿದ ಹೊತ್ತು ಭಾಗವತಿಕೆ. ಅಮೆರಿಕದ ಪಶ್ಚಿಮ ಸೀಮೆಯ ದರೋಡೆ ತಂಡಗಳ ಬಗ್ಗೆ ಓದಿ ಓದಿ ಹುಚ್ಚು ಹಿಡಿದು ಪದಗಳನ್ನೇ ಬರೆದುಬಿಟ್ಟಿದ್ದೆ. ಮೂವರು ಅಣ್ಣತಮ್ಮಂದಿರು ರೈಲು ದೋಚಿ ಮೆರೆಯುತ್ತಾರೆ. ಕೊನೆಗೆ ಹುಟ್ಟಿದ ಊರಿನ ಬ್ಯಾಂಕಿಗೇ ಕೈಹಾಕಿ, ಗುರುತು ಸಿಕ್ಕಿ, ಊರವರ ಗುಂಡಿಗೆ ಬೀಳುತ್ತಾರೆ. ಶೆರಿಫನನ್ನು ಭಾಮಿನಿ ಷಟ್ಪದಿಯಲ್ಲಿ ಕೂರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಸೋಹಾರ್‌ನ ಕನ್ನಡ ಬಳಗದ ಅಧ್ಯಕ್ಷರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮಕ್ಕಳ ಎದುರು ಕಳ್ಳ ವಾದದಲ್ಲಿ ಗೆಲ್ಲಬಾರದು. ಗೆದ್ದರೆ ಇಂಥ ಹೊಸ ಪ್ರಸಂಗಗಳಿಗೆ ಖಲಾಸ್, ಮತ್ತೆ ಪುರಾಣವೇ. ತಂಡದ ನಾಯಕನ ಅರ್ಥ ಇಬ್ರಾಹಿಂ ಅವರದ್ದು. ಅವರನ್ನು ಮಣಿಸಬೇಕಾದ ಶೆರಿಫ್ ಪ್ರಶಾಂತ. ಯಾವುದೋ ಆಫೀಸಿನಲ್ಲಿ ಸೂಪರ್‌ವೈಸರ್. ಹಿಂದಿನ ಸೀಟಿನಲ್ಲಿ ಕೂತು ಚೀಟಿ ಓದುತ್ತಿದ್ದ. ಇದು ಅವನ ಮೂರನೇ ಕೂಟ.

ಅಲ್ ಮಬೇಲಾದಲ್ಲಿ ದಿವಾಕರ ಮದ್ದಳೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹತ್ತಿದ. ಸೋಹಾರ್‌ಗೆ ಒಟ್ಟು ಇನ್ನೂರು ಕಿಲೋಮೀಟರಿನಷ್ಟು ದಾರಿ. ಎಡಕ್ಕೆ ಬೋಳು ಬೆಟ್ಟ, ಬಲಕ್ಕೆ ಖರ್ಜೂರದ ತೋಟ, ಅದರಾಚೆ ಕಾಣದ ಕಡಲು. ಅಕ್ಟೋಬರ್ ಆದರೂ ಎಂಟು ಗಂಟೆಗೇ ಮೂವತ್ತನಾಲ್ಕು ಡಿಗ್ರಿ. ಸುವೈಕ್‌ನ ಮಲಯಾಳಿ ಹೋಟೆಲಿನಲ್ಲಿ ನಾಲ್ವರಿಗೆ ಪರೋಟ, ಮೊಟ್ಟೆಸಾರು, ಚಹಾ ಎಲ್ಲ ಸೇರಿ ಎರಡೂವರೆ ರಿಯಾಲ್ ಆಯಿತು. ಪ್ರಶಾಂತ ಕೈತೊಳೆಯಲು ಹೋದಾಗ, ದಯವಿಟ್ಟು ಸೋತುಬಿಡಿ ಎಂದು ಇಬ್ರಾಹಿಂ ಅವರಲ್ಲಿ ಕೇಳಿಯೇಬಿಟ್ಟೆ.

“ಸೋಲುವುದು ಸುಲಭ ಉಂಟಾ ಅಕ್ಕಾ?” ಎಂದರು. “ನಾನು ಸುಮ್ಮನೆ ಬಾಯಿ ಮುಚ್ಚಿದರೆ ಮಕ್ಕಳಿಗೂ ಗೊತ್ತಾಗ್ತದೆ. ಅವ ನನ್ನನ್ನು ಸೋಲಿಸಬೇಕು.”

ಹತ್ತೂವರೆಗೆ ಕೂಟ ಶುರುವಾಯಿತು. ತೊಂಬತ್ತು ಜನರಿದ್ದಿರಬಹುದು. ಮುಂದಿನ ಸಾಲಿನ ಮಕ್ಕಳು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದರು. ಇಬ್ರಾಹಿಂ ಬಾಯಿ ತೆರೆದದ್ದೇ ಎಲ್ಲರೂ ತೆಪ್ಪಗಾದರು. ನಮ್ಮ ಹೊಲ ಸೀಳಿ ಹಳಿ ಹಾಕಿದ ರೈಲು ಕಂಪೆನಿಯವರು ದೊಡ್ಡ ಮನುಷ್ಯರು, ಆ ರೈಲು ನಿಲ್ಲಿಸಿದ ನಾನು ಕಳ್ಳನೋ ಎಂದರು. ನನ್ನ ತಂಡದ ಗೆಳೆಯನಿಗೆ ಬಹುಮಾನದ ಆಸೆ ತೋರಿಸಿ ದ್ರೋಹ ಕಲಿಸಿದ ನಿನ್ನ ಕಾನೂನು ಯಾವ ಸೀಮೆಯ ಧರ್ಮ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಮಾತ್ರ ಕೈಕಟ್ಟಿ ಕೂತಿದ್ದರು. ಪ್ರಶಾಂತ ಕಂಪೆನಿಯ ಪರವಾಗಿ ಏನೇನೋ ತೊದಲಿ ಅರ್ಧಕ್ಕೇ ನಿಲ್ಲಿಸಿಬಿಟ್ಟ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಹುಡುಕತೊಡಗಿದ. ನನ್ನ ಪ್ರಸಂಗ ಮುಗಿಯಿತು ಅಂದುಕೊಂಡೆ.

ಆಗ ಇಬ್ರಾಹಿಂ ಅವನತ್ತ ತಿರುಗಿ ನಿಧಾನವಾಗಿ ಹೇಳಿದರು: “ಶೆರಿಫನೇ, ಕಂಪೆನಿಯ ವಕೀಲನಾಗಿ ನೀನು ನನ್ನೆದುರು ನಿಲ್ಲಲಾರೆ. ಈ ಊರಿನ ಮಗನಾಗಿ ಕೇಳುವುದೇನಾದರೂ ಇದ್ದರೆ ಕೇಳು.”

ಪ್ರಶಾಂತ ಚೀಟಿ ಕೆಳಗಿಟ್ಟ. ಇಬ್ರಾಹಿಂ ಅವರ ಕಾಲಿನತ್ತ ಬೆರಳು ತೋರಿಸಿದ. “ಬ್ಯಾಂಕಿನ ಬಾಗಿಲಲ್ಲಿ ನಿನ್ನ ಗುಂಡಿಗೆ ಬಿದ್ದವನು ಬೂಟು ಹೊಲಿಯುವ ಮುದುಕ. ನೀನೀಗ ಮೆಟ್ಟಿರುವ ಬೂಟು ಅವನೇ ಹೊಲಿದದ್ದು. ಅವನು ನಿನಗೆ ಯಾವ ರೈಲು ಕಂಪೆನಿ?”

ಇಬ್ರಾಹಿಂ ಉತ್ತರಿಸಲು ಬೆರಳೆತ್ತಿದರು. ಎತ್ತಿದ ಬೆರಳನ್ನು ಹಾಗೇ ಮಡಚಿದರು. “ಇದಕ್ಕೆ ನನ್ನಲ್ಲಿ ಮಾತಿಲ್ಲ” ಎಂದು ತಲೆ ತಗ್ಗಿಸಿದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಅಮ್ಮನ ಸೆರಗು ಹಿಡಿದುಕೊಂಡಳು. ಕೊನೆಯ ಪದದಲ್ಲಿ ನಾನು ಒಂದು ಸಾಲನ್ನೇ ಬಿಟ್ಟೆ. ಮದ್ದಳೆ ನನ್ನನ್ನು ಕಾಪಾಡಿತು.

ಊಟಕ್ಕೆ ಕೂತಾಗ ಅಧ್ಯಕ್ಷರು ಬಂದು, ಮುಂದಿನ ವರ್ಷಕ್ಕೆ ಇನ್ನೊಂದು ಬರೆಯಿರಿ ಎಂದು ಹೇಳಿ ನನ್ನ ಎಲೆಗೆ ತಾವೇ ಪಾಯಸ ಬಡಿಸಿದರು. ಎರಡು ಸಲ ಹಾಕಿಸಿಕೊಂಡೆ.

ವಾಪಸು ಬರುವಾಗ ಬರ್ಕಾದಲ್ಲಿ ಚಹಾಕ್ಕೆ ನಿಂತೆವು. ಪ್ರಶಾಂತನ ಕಾಲು ನೆಲದ ಮೇಲಿರಲಿಲ್ಲ. ಹೆಂಡತಿಗೆ ಫೋನ್ ಮಾಡಿ, ಇಬ್ರಾಹಿಂ ಅವರ ಬಾಯಿ ಮುಚ್ಚಿಸಿದೆ ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಅವಳು ನಂಬಿದ ಹಾಗೆ ಕಾಣಲಿಲ್ಲ. ದಾರಿ ತೋರಿಸಿಕೊಟ್ಟವರು ಯಾರೆಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಇಬ್ರಾಹಿಂ ಕೈಚಾಚಿ ಫೋನ್ ಇಸಿದುಕೊಂಡರು.

“ಹೌದು ತಂಗೀ, ಅವ ಹೇಳುವುದು ಸತ್ಯ. ಇವತ್ತು ನನ್ನನ್ನು ಸೋಲಿಸಿದ್ದು ನಿನ್ನ ಗಂಡನೇ.”

ಫೋನ್ ಹಿಂದಕ್ಕೆ ಕೊಟ್ಟು, ಯಲ್ಲಾ, ಹೊರಡುವಾ ಎಂದು ಕಾರು ಸ್ಟಾರ್ಟ್ ಮಾಡಿದರು. ಇಂಥ ಮನುಷ್ಯ ನನ್ನ ಪದಗಳಿಗೆ ಅರ್ಥ ಹೇಳಿದರಲ್ಲ ಎಂಬ ಹೆಮ್ಮೆಗೆ ಎದೆ ತುಂಬಿ, ಮಸ್ಕತ್ ಬರುವವರೆಗೂ ನಾನು ಗುಟ್ಟು ಬಿಡದೆ ಆ ಕೊನೆಯ ಪದವನ್ನೇ ಗುನುಗುತ್ತಾ ಕೂತೆ.