ಮುನಿರಾಜಣ್ಣ ಕೋರ್ಟಿನಲ್ಲಿ ಹೇಳಿದ್ದು

ನಿನ್ನೆ ಬ್ಯಾಟರಾಯನಪುರದ ಒಂದು ಹೊಸ ಕಟ್ಟಡದಲ್ಲಿ ಪೈಪು ಜೋಡಿಸುತ್ತಾ ಕೂತಿದ್ದೆ. ಪಕ್ಕದ ರೂಮಿನಲ್ಲಿ ಟೈಲ್ಸ್ ಕತ್ತರಿಸುವ ಮಿಷನ್ನು ಕಿರ್ರೆಂದಿತು, ಹಿಂದೆಯೇ ಆ ವಾಸನೆ ಬಂತು. ಮನೆ ಕಟ್ಟಿಸಿದವರಾದರೆ ನಿಮ್ಮ ಮೂಗಿಗೂ ಅದು ಬಡಿದಿರುತ್ತದೆ, ನೆನಪು ಮಾಡಿಕೊಳ್ಳಿ. ಸುಟ್ಟ ಮಣ್ಣಿಗೆ ನೀರು ಹಾಕಿ ಕಲೆಸಿದ ಹಾಗೆ. ಎಲ್ಲರೂ ಕೆಮ್ಮುತ್ತಾ ಆಚೆ ಓಡುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಮುನಿರಾಜಣ್ಣನೇ ಬಂದಂತೆ.

ಪ್ಲಂಬರಿಗೂ ಟೈಲ್ಸ್ ಮೇಸ್ತ್ರಿಗೂ ಹಾವು ಮುಂಗುಸಿ ಸಂಬಂಧ. ಅವನು ನೆಲ ಹಾಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಎಲ್ಲೋ ನೀರು ಜಿನುಗುತ್ತದೆ, ನಾನು ಉಳಿ ಸುತ್ತಿಗೆ ಹಿಡಿದುಕೊಂಡು ಹೋಗಬೇಕು. "ಬಂದ್ನಪ್ಪ ಯಮ" ಅಂತ ಮುನಿರಾಜಣ್ಣ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವನು. ಆದರೆ ಕೆಲಸದ ಮಾತು ಬಂದರೆ ಎಂಜಿನಿಯರಿಗೂ ತಲೆ ತಗ್ಗಿಸಿದವನಲ್ಲ. ಇಡೀ ಯಲಹಂಕದಲ್ಲಿ ನನಗಿಂತ ಜಂಬದ ಮನುಷ್ಯ ಅಂದರೆ ಅವನೊಬ್ಬನೇ. ಹಾಸಿದ ನೆಲವನ್ನು ಬೆರಳ ಗೆಣ್ಣಿನಿಂದ ಒಂದೊಂದಾಗಿ ತಟ್ಟಿ, ಕಿವಿ ಕೊಟ್ಟು ಕೇಳದೆ ಅವನು ಓನರಿಗೆ ಬಿಟ್ಟುಕೊಟ್ಟಿದ್ದೇ ಇಲ್ಲ. ಒಳಗೆ ಪೊಳ್ಳು ಅನ್ನಿಸಿದರೆ ಯಾರೂ ಹೇಳುವ ಮುಂಚೆ ತಾನೇ ಕೀಳುತ್ತಿದ್ದ.

ಒಂದು ಸಂಜೆ ಕೆಲಸ ಮುಗಿಸಿ ಗಾಡಿಯಲ್ಲಿ ಬರುತ್ತಿದ್ದ ಮುನಿರಾಜಣ್ಣನಿಗೆ ಹುಣಸಮಾರನಹಳ್ಳಿ ಹತ್ತಿರ ಹಿಂದಿನಿಂದ ಕಾರು ಗುದ್ದಿತು. ಬೆನ್ನುಹುರಿಗೆ ಏಟು. ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುತ್ತಿದ್ದವನಿಗೆ ಸೊಂಟದಿಂದ ಕೆಳಗೆ ಕಾಲುಗಳು ಇದ್ದೂ ಇಲ್ಲದಂತಾದವು. ಹೆಂಡತಿ ನಾಗರತ್ನ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಕೂತಳು ಅಂದೆ, ಬಾಯಿ ತಪ್ಪಿತು ನೋಡಿ. ಆಮೇಲೆ ಆ ಹೆಂಗಸು ಕೂತಿದ್ದನ್ನು ನಾನು ಕಂಡೇ ಇಲ್ಲ.

ಪರಿಹಾರಕ್ಕೆ ಕೇಸು ಹಾಕಿದ್ದಾಯಿತು. ಅದು ಸರಿಯಾಗಿ ಸಿಗದಿದ್ದರೆ ಅವನನ್ನು ನೋಡಿಕೊಳ್ಳಲು ಜನ ಇಡುವ ಶಕ್ತಿ ಆ ಮನೆಗಿರಲಿಲ್ಲ. ನಾಗರತ್ನಳಿಗೆ ಜೀವನವಿಡೀ ಆ ಮಂಚದ ಪಕ್ಕವೇ ಗತಿ. ಅದಕ್ಕೇ ಹೇಳಿಕೆ ಕೊಡುವ ಹಿಂದಿನ ದಿನ ನೆಂಟರೆಲ್ಲ ಸೇರಿ ಅವನಿಗೆ ಪಾಠ ಮಾಡಿದರು. ಶೇವಿಂಗ್ ಮಾಡ್ಕೋಬೇಡ, ಹಳೇ ಲುಂಗಿ ಉಟ್ಕೋ, ಏನು ಕೇಳಿದರೂ "ಕೈಲಾಗಲ್ಲ ಸ್ವಾಮಿ" ಅನ್ನು. ಬೆಳಿಗ್ಗೆ ಹೋಗಿ ನೋಡಿದರೆ ನುಣ್ಣನೆ ಗಲ್ಲ, ಇಸ್ತ್ರಿ ಮಾಡಿದ ಬಿಳೀ ಶರ್ಟು, ಹಣೆಗೆ ಕುಂಕುಮ.

"ಏನಣ್ಣ, ಹೆಣ್ಣು ನೋಡೋಕೆ ಹೊರಟ್ಯಾ?" ಅಂದೆ.

"ನಂಗೆ ಬರ್ಬೇಕಾಗಿದ್ದು ಕೇಳೋಕೆ ಓಗ್ತಿದೀನಿ ಕಣೋ. ಇಂಗೇ ಓಗೋದು. ಭಿಕ್ಷೆ ವೇಷ ಯಾಕೆ?"

ಕೋರ್ಟಿನಲ್ಲಿ ನಮ್ಮ ಲಾಯರು ಆ ಶರ್ಟು ನೋಡಿಯೇ ಅರ್ಧ ಇಳಿದುಹೋದರು. ಇನ್ಶೂರೆನ್ಸ್ ಕಡೆಯ ಲಾಯರು ಎದ್ದು ನಿಂತರು.

"ನೀವು ಈಗ್ಲೂ ಸೈಟಿಗೆ ಹೋಗ್ತೀರಿ ಅಲ್ವೇನ್ರೀ?"

"ಹೂಂ ಸಾರ್."

"ಕೆಲಸ ಮಾಡ್ತೀರಾ?"

"ಮಾಡ್ತೀನಿ."

ಮುಗೀತು ಕಥೆ ಅಂದುಕೊಂಡೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಹಳೇ ಕಂಟ್ರಾಕ್ಟರುಗಳು ಆಗಾಗ ಕರೆಸುತ್ತಿದ್ದರು, ಗಾಲಿ ಕುರ್ಚಿಯಲ್ಲಿ ಕೂತೇ ಕೋಲಿನಿಂದ ನೆಲ ತಟ್ಟಿ ಪೊಳ್ಳು ಎಲ್ಲಿದೆ ಅಂತ ತೋರಿಸುತ್ತಿದ್ದ. ಮಾಡುವ ಕೆಲಸವನ್ನು ಮಾಡಲ್ಲ ಅನ್ನುವುದು ಅವನ ನಾಲಿಗೆಗೆ ಬರಲಿಲ್ಲ. ನಮ್ಮಂಥವರಿಗೆ ಬರುವುದೂ ಇಲ್ಲ ಬಿಡಿ. ಜ್ವರ ಬಂದು ಮಲಗಿದ್ದಾಗ ಫೋನು ಬಂದರೂ "ಬರ್ತಾ ಇದೀನಿ ಸಾರ್" ಅನ್ನೋ ಜಾತಿ ನಮ್ಮದು.

ಜಡ್ಜಮ್ಮ ಕನ್ನಡಕ ತೆಗೆದರು. "ಸೈಟಿಗೆ ನಿಮ್ಮನ್ನ ಯಾರು ಕರ್ಕೊಂಡು ಹೋಗ್ತಾರೆ?"

"ನನ್ ಹೆಂಡ್ತಿ, ಅಮ್ಮಾ."

"ಕುರ್ಚಿ ಮೇಲೆ ಕೂರಿಸೋದು?"

"ಅವಳೇ."

"ಸ್ನಾನ, ಮಿಕ್ಕಿದ್ದು?"

ಅಲ್ಲಿಯವರೆಗೆ ಗಟ್ಟಿಯಾಗಿ ಮಾತಾಡುತ್ತಿದ್ದವನ ದನಿ ತಗ್ಗಿತು. "ಎಲ್ಲಾ ಅವಳೇ. ಬೆನ್ನಲ್ಲಿ ಉಣ್ಣಾಗಬಾರ್ದು ಅಂತ ರಾತ್ರಿ ಎದ್ದೆದ್ದು ಮಗ್ಗುಲು ತಿರುಗಿಸ್ತಾಳೆ." ಆಮೇಲೆ ತಲೆ ಎತ್ತಿದ. "ನಂಗೆ ಕೂತು ಮಾಡೋ ಕೆಲ್ಸ ಒಂದಿಷ್ಟು ಉಳಿದೈತೆ ಅಮ್ಮಾ. ಪೂರ್ತಿ ಕೆಲ್ಸ ಓಗಿರೋದು ಅವಳ್ದು. ಕೊಡೋದಾದ್ರೆ ಅವಳ ಕೂಲಿ ಅಂತಾನೇ ಬರೀರಿ."

ಹಿಂದಿನ ಬೆಂಚಿನಲ್ಲಿ ನಾಗರತ್ನ, "ಇದನ್ನ ಮನೇಲಿ ಒಂದ್ಸಲ ಹೇಳಿದ್ರೆ ಇವ್ರ ಗಂಟೇನು ಹೋಗ್ತಿತ್ತು?" ಅಂತ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಜಡ್ಜಮ್ಮ ನಗಲಿಲ್ಲ, ಬರೆದುಕೊಂಡರು.

ಆದೇಶ ಬರಲು ಇನ್ನೂ ಎಷ್ಟೋ ತಿಂಗಳು ಹಿಡಿಯಿತು. ಅವನ ದುಡಿಮೆಯ ನಷ್ಟಕ್ಕೆ ಲಾಯರು ಕೇಳಿದ್ದಕ್ಕಿಂತ ಕಡಿಮೆಯೇ ಕೊಟ್ಟಿದ್ದರು. ನೆಂಟರು, "ನೋಡಿದ್ಯಾ, ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು" ಅಂದರು. ಆದರೆ ಅವನನ್ನು ಜೀವನಪೂರ್ತಿ ನೋಡಿಕೊಳ್ಳುವವರ ಸಂಬಳ ಅಂತ ಬೇರೆಯಾಗಿ ಬರೆದಿದ್ದರು, ಕೈ ತುಂಬ. ಕೋರ್ಟು ಕಟ್ಟಡದಲ್ಲಿ ಎಷ್ಟು ಓದಿದವರು ಓಡಾಡುತ್ತಾರೋ ನನಗೆ ಗೊತ್ತಿಲ್ಲ. ಆವತ್ತು ಅಲ್ಲಿ ನನ್ನ ಕಣ್ಣಿಗೆ ಎತ್ತರವಾಗಿ ಕಂಡವನು ಕುರ್ಚಿಯಿಂದ ಏಳಲಾರದ ಮನುಷ್ಯನೇ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಪುಟ್ಟೇನಹಳ್ಳಿಯ ಅವನ ಮನೆಗೆ ಗಾಡಿ ತಿರುಗಿಸಿದೆ. ಗೇಟಿನಲ್ಲೇ ನಾಗರತ್ನ ಎದುರಾದಳು, ಕೈಯಲ್ಲಿ ಊಟದ ಬ್ಯಾಗು. ಗಾರ್ಮೆಂಟ್ಸಿಗೆ ಮತ್ತೆ ಸೇರಿಕೊಂಡಿದ್ದಾಳೆಂದು ಕೇಳಿದ್ದೆ, ನೋಡಿರಲಿಲ್ಲ.

"ಟೈಮಾಯ್ತಣ್ಣ. ನೋಡ್ಕೊಳ್ಳೋಕೆ ಇಟ್ಟಿರೋರು ಆಯಪ್ಪಂಗೆ ಸ್ನಾನ ಮಾಡಿಸ್ತಾ ಇದಾರೆ, ಕೂತ್ಕೊಳಿ. ಕಾಫಿ ಕುಡಿದೇ ಹೋಗ್ಬೇಕು" ಅಂತ ಹೇಳುತ್ತಲೇ ದಾಟಿ ಹೋದಳು. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿ ಸೀರೆಯ ನೆರಿಗೆ ಹಿಡಿದುಕೊಂಡು ಓಡಿದಳು. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ಆ ಮನೆಗೆ ಹೋದಾಗಲೆಲ್ಲ ನಾನು ಮುನಿರಾಜಣ್ಣನನ್ನೇ ನೋಡಿಕೊಂಡು ಬಂದವನು. ಇವತ್ತು ಅವಳು ಓಡಿ ಬಸ್ಸು ಹತ್ತುವುದನ್ನು ನೋಡುತ್ತಾ ಗೇಟಿನಲ್ಲೇ ನಿಂತುಬಿಟ್ಟೆ.

ಒಳಗಿನಿಂದ ಮುನಿರಾಜಣ್ಣನ ಕೂಗು ಬಂತು.

"ಯಾರದು, ನಮ್ ಯಮನಾ? ಅವಳಿಗೆ ಬಸ್ ಸಿಕ್ತೇನೋ?"

"ಸಿಕ್ತಣ್ಣ" ಅಂದೆ.