ಬರೀ ಹಲಗೆಯ ಸಪ್ಪಳ

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಕಾಳುಕಡಿಯ ಅಂಗಡಿ. ಅಪ್ಪ ಮುನವಳ್ಳಿಯಿಂದ ಬಂದು ಹಾಕಿದ್ದು. ಗಲ್ಲಾದ ಹಿಂದೆ ಕೂತು ಕೂತು ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಊಟದ ತಾಟು ನನ್ನ ಕಣ್ಣಿಗೆ ಕಟ್ಟುತ್ತದೆ.

ನಾನು ಸಣ್ಣವನಿದ್ದಾಗ ಇದು ಸುಲಭವಿತ್ತು. ಹೊಲದವರು ಜೋಳ ಒಯ್ಯುತ್ತಿದ್ದರು, ಆಫೀಸಿನವರು ಅಕ್ಕಿ ಒಯ್ಯುತ್ತಿದ್ದರು. ಬೀಗರು ಬಂದ ಮನೆಯವರು ಗೋಧಿ ಕೇಳುತ್ತಿದ್ದರು. ಈಗ ಎಲ್ಲ ತಿರುವುಮುರುವಾಗಿದೆ. ಸಕ್ಕರೆ ಕಾಯಿಲೆಯ ಸಾಹೇಬರು ವಾಕಿಂಗ್ ಮುಗಿಸಿ ಅದೇ ಬೂಟಿನಲ್ಲಿ ಬಂದು, ಬಿಳಿಜೋಳವನ್ನು ಅಂಗೈಯಲ್ಲಿ ಹಿಡಿದು ಬಂಗಾರ ಪರೀಕ್ಷೆ ಮಾಡಿದ ಹಾಗೆ ನೋಡುತ್ತಾರೆ. ಅವರ ಅಪ್ಪಂದಿರು ಇದೇ ಜೋಳ ಬಿಟ್ಟು ಅನ್ನಕ್ಕೆ ಏರಿದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ನನಗೆ ನೆನಪಿದೆ, ಆದರೆ ಗಿರಾಕಿಯ ಮುಂದೆ ಬಾಯಿ ಬಿಡುವುದಿಲ್ಲ. ಇತ್ತ ದಿನವಿಡೀ ಕಳೆ ತೆಗೆದು ಬರುವ ಹೆಣ್ಣುಮಕ್ಕಳು ರೇಶನ್ ಅಕ್ಕಿಯನ್ನು ಕುಕ್ಕರಿಗೆ ಹಾಕಿ ಸೀಟಿ ಹೊಡೆಸುತ್ತಾರೆ. ಅವರಿಗೆ ಏನೆಂದು ಹೇಳಲಿ? ರೊಟ್ಟಿಗೆ ಬೇಕಾದ ರಟ್ಟೆಯ ಬಲ ಹೊಲದಲ್ಲೇ ಮುಗಿದಿರುತ್ತದೆ. ಕಾಲೇಜಿನ ಹುಡುಗರಂತೂ ಬ್ರೆಡ್ಡು, ಮ್ಯಾಗಿ ಅಂತ ಹೋಗಿಬಿಟ್ಟಿದ್ದಾರೆ. ನನ್ನ ಅಂಗಡಿಯ ಕಡೆ ಅವರು ತಿರುಗಿಯೂ ನೋಡುವುದಿಲ್ಲ.

ಊರಿನ ಮಾತು ಬಿಡಿ, ನನ್ನ ಮನೆಯಲ್ಲೇ ಒಬ್ಬೊಬ್ಬರ ತಾಟು ಒಂದೊಂದು ಥರ ಇತ್ತು. ಅವ್ವ ಸವದತ್ತಿ ಸೀಮೆಯವಳು, ಕರಿ ಎರೆಮಣ್ಣಿನ ಜೋಳ ಉಂಡು ಬೆಳೆದವಳು. ನನ್ನ ಹೆಂಡತಿ ಕಿತ್ತೂರಿನ ಕಡೆಯವಳು, ಭತ್ತದ ಗದ್ದೆಯ ಮನೆಯವಳು, ಮೇಲಾಗಿ ಸಾಲಿ ಟೀಚರು. ಎರಡೂ ಊರಿಗೆ ಬೈಲಹೊಂಗಲದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು, ಆದರೆ ಹೊಟ್ಟೆಗಳ ನಡುವಿನ ದೂರ ಬೇರೆಯೇ. ಮದುವೆಯಾದ ಹೊಸದರಲ್ಲಿ ಹೆಂಡತಿ ಪ್ರೀತಿಯಿಂದ ಬಿಸಿ ಅನ್ನ, ತುಪ್ಪ ಬಡಿಸಿದಾಗ ಅವ್ವ ತಾಟು ನೋಡಿ, ಮನೆಯಲ್ಲಿ ಯಾರಿಗೆ ಆರಾಮಿಲ್ಲ ಎಂದು ಕೇಳಿದ್ದಳು. ನಮ್ಮ ಕಡೆ ಆಗ ಅನ್ನವೆಂದರೆ ಒಂದು ಹಬ್ಬಕ್ಕೆ, ಇಲ್ಲ ಜ್ವರಕ್ಕೆ. ಹೆಂಡತಿ ಅದನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಇಲ್ಲಿಗೆ ಬರುವ ಮುಂಚೆ, ಮುನವಳ್ಳಿಯಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದು ರೊಟ್ಟಿ ಬಡಿಯುವ ಸಪ್ಪಳ. ಮೊದಲು ಎದುರು ಮನೆಯಲ್ಲಿ ಶುರುವಾಗುತ್ತಿತ್ತು, ಆಮೇಲೆ ಓಣಿಯೆಲ್ಲ. ಅವ್ವನ ಕೈ ನನಗೆ ಕಣ್ಣು ಮುಚ್ಚಿಯೂ ಗೊತ್ತಾಗುತ್ತಿತ್ತು. ಮೊದಲು ನಿಧಾನ, ರೊಟ್ಟಿ ಅಗಲವಾದಂತೆ ಬೇಗ ಬೇಗ, ಹಂಚಿಗೆ ಹಾಕುವ ಮುಂಚೆ ಒಂದು ಗಳಿಗೆ ಸುಮ್ಮನೆ. ಆ ಗಳಿಗೆಯಲ್ಲಿ ನಾನು ಎದ್ದು ಒಲೆಯ ಹತ್ತಿರ ಓಡುತ್ತಿದ್ದೆ. ಉಬ್ಬಿದ ರೊಟ್ಟಿಯ ಮೇಲಿನ ಪದರು ಬಿಚ್ಚಿ, ಒಳಗೆ ಶೇಂಗಾ ಚಟ್ನಿ, ಹಸಿ ಎಣ್ಣೆ ಹಾಕಿ ಅವ್ವ ಕೈಗೆ ಕೊಡುತ್ತಿದ್ದಳು. ಆ ರುಚಿಯನ್ನು ಈಗ ಎಲ್ಲಿಂದ ತರಲಿ?

ಬೈಲಹೊಂಗಲಕ್ಕೆ ಬಂದ ಮೇಲೂ ಅವ್ವ ತನ್ನ ರೊಟ್ಟಿ ತಾನೇ ಬಡಿದುಕೊಂಡಳು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಹಿತ್ತಲಿನ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮುರಿಯಿತು. ಪ್ಲಾಸ್ಟರ್ ಹಾಕಿದರು. ಕೈ ನೋವಿಗೆ ಅವ್ವ ಹೆದರಲಿಲ್ಲ, ಆದರೆ ಊಟವನ್ನೇ ಬಿಟ್ಟಳು. ಅನ್ನ ಕೊಟ್ಟರೆ ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದಳು. ಚಪಾತಿ ಜಿಗಿಜಿಗಿ ಅನ್ನುತ್ತಿದ್ದಳು. ಹೆಂಡತಿ ಸಾಲಿಗೆ ಹೋಗುವ ಮುಂಚೆ ಎದ್ದು ರೊಟ್ಟಿ ಬಡಿಯಲು ನೋಡಿದಳು. ಮರದ ಹಲಗೆಯಿಂದ ಎತ್ತುವಾಗಲೇ ಹರಿದು, ಹಂಚಿನ ಮೇಲೆ ನಾಲ್ಕು ದಿಕ್ಕಿಗೆ ಬಿತ್ತು. ಕೆನ್ನೆಯ ಎಲುಬು ಕಾಣುವಷ್ಟು ಅವ್ವ ಸೊರಗಿದಳು. ಹೀಗೇ ಆದರೆ ಎಲುಬು ಕೂಡುವುದಿಲ್ಲ, ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಏಳುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ನಮ್ಮ ಹಿಂದಿನ ಓಣಿಯಲ್ಲಿ ಕೆಲವು ಹೆಣ್ಣುಮಕ್ಕಳು ಕೂಡಿ ರೊಟ್ಟಿ ಮಾಡಿ ಮಾರುತ್ತಾರೆ. ಜೋಳ ನನ್ನ ಅಂಗಡಿಯದೇ. ಆದರೆ ಕೊಂಡ ರೊಟ್ಟಿಯೆಂದರೆ ಅವ್ವನಿಗೆ ಅಸಹ್ಯ. ಸೊಸೆ ಇರುವ ಮನೆಯಲ್ಲಿ ಕೊಂಡ ರೊಟ್ಟಿ ಉಂಡರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ಮೊದಲಿನಿಂದಲೂ ಹೇಳುತ್ತಿದ್ದಳು.

ಉಪಾಯ ಹುಡುಕಿದವಳು ನನ್ನ ಹೆಂಡತಿ. ಸಂಜೆ ನಾನು ಅರಿವೆಯಲ್ಲಿ ಸುತ್ತಿದ ರೊಟ್ಟಿಗಳನ್ನು ಹಿತ್ತಲ ಬಾಗಿಲಿನಿಂದ ಒಳಗೆ ದಾಟಿಸಬೇಕು. ಆಮೇಲೆ ಮುಂಬಾಗಿಲಿನಿಂದ ಬಂದು, ಪಡಸಾಲೆಯಲ್ಲಿ ಅವ್ವನ ಮಂಚದ ಹತ್ತಿರ ಗಂಭೀರವಾಗಿ ಕೂಡಬೇಕು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಟೀಚರಮ್ಮ ಹಂಚು ಕಾಯಿಸಿ, ಬರೀ ಹಲಗೆಯನ್ನು ಎರಡೂ ಕೈಯಿಂದ ದಬದಬ ಬಡಿಯುತ್ತಿದ್ದಳು. ಒಂದಷ್ಟು ಬಡಿದು, ತಂದ ರೊಟ್ಟಿಯನ್ನು ಹಂಚಿನ ಮೇಲೆ ಬಿಸಿ ಮಾಡಿ, ಮತ್ತೆ ಬಡಿಯುತ್ತಿದ್ದಳು. ನಾನು ನಗು ತಡೆಯಲು ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದೆ. ಅವ್ವ ಮೊದಲ ದಿನ ಒಂದು ರೊಟ್ಟಿ ಉಂಡಳು, ಮರುದಿನ ಒಂದೂವರೆ. ಸೊಸೆಯ ಕೈ ಪಳಗಿತು ಎಂದೂ ಹೇಳಿದಳು. ಹೆಂಡತಿಯ ಅಂಗೈ ಕೆಂಪಾಗಿತ್ತು, ಆದರೂ ಅವಳ ಮುಖದಲ್ಲಿ ಗೆದ್ದ ಖುಷಿ ಇತ್ತು.

ಹೀಗೇ ಕೆಲವು ವಾರ ನಡೆಯಿತು. ಒಂದು ಭಾನುವಾರ ಹೆಂಡತಿ ಸಂತೆಗೆ ಹೋಗಿದ್ದಳು. ನಾನು ಅವ್ವನಿಗೆ ಮಾತ್ರೆ ಕೊಡುತ್ತಿದ್ದೆ. ಅವ್ವ ನೀರಿನ ತಂಬಿಗೆ ಕೆಳಗಿಟ್ಟು, ನಾಳೆ ರೊಟ್ಟಿ ಸ್ವಲ್ಪ ತೆಳುವಾದದ್ದು ನೋಡಿ ತಾ ಎಂದಳು. ತರುವುದೇನು, ನಿನ್ನ ಸೊಸೆ ಬಡಿಯುತ್ತಾಳಲ್ಲ ಎಂದೆ.

"ಹಿಟ್ಟಿನ ಸಪ್ಪಳ ಬ್ಯಾರೆ, ಬರೇ ಹಲಗಿ ಸಪ್ಪಳ ಬ್ಯಾರೆ," ಎಂದಳು. "ಜಲ್ಮೆಲ್ಲಾ ಬಡದೇನಿ, ಅಷ್ಟೂ ತಿಳಿಯಂಗಿಲ್ಲೇನು ನನಗ?"

ಗೊತ್ತಿದ್ದೂ ಯಾಕೆ ಉಂಡೆ ಎಂದು ಕೇಳಿದೆ.

"ಸಾಲ್ಯಾಗ ದಣದ ಬಂದು, ನನ್ನ ಸಲುವಾಗಿ ಬರೇ ಹಲಗಿ ಬಡಿಯಾಕ ಹತ್ತ್ಯಾಳ ಆಕಿ. ಹಂತಾಕಿ ಮುಂದ ನಾ ಹೆಂಗ ಉಪಾಸ ಕುಂಡ್ರಲಿ? ಆಕಿಗಿ ಹೇಳಬ್ಯಾಡ ಮತ್ತ."

ನಾನು ಹೇಳಲಿಲ್ಲ. ಅವ್ವ ಹೋಗಿ ಈಗ ವರ್ಷವಾಗುತ್ತ ಬಂತು, ಇವತ್ತಿಗೂ ಹೇಳಿಲ್ಲ. ಆ ಹಲಗೆ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದೆ.

ಆ ಭಾನುವಾರದ ಮರುದಿನ ಸಂಜೆ ತೆಳುವಾದ ರೊಟ್ಟಿ ನೋಡಿಯೇ ತಂದೆ. ಹೆಂಡತಿಗೆ ಪರೀಕ್ಷೆಯ ಪೇಪರು ತಿದ್ದುವ ಕೆಲಸ ಬಾಕಿಯಿತ್ತು, ಅವಸರದಲ್ಲಿ ಹಲಗೆಯನ್ನು ಬಡಿಯುತ್ತಿದ್ದಳು. ಅವ್ವ ಮಂಚದ ಮೇಲೆ ಎದ್ದು ಕೂತಳು. ನನ್ನ ಕಡೆ ಒಮ್ಮೆ ನೋಡಿ, ಅಡುಗೆಮನೆಗೆ ಕೇಳುವ ಹಾಗೆ ಕೂಗಿದಳು:

"ಸಾವಕಾಶ ಬಡಿ ತಂಗಿ, ಅಂಚ ಹರದೀತು."

ಒಳಗೆ ಕೈ ಒಂದು ಗಳಿಗೆ ನಿಂತಿತು.

"ಹೂನ್ರಿ ಅತ್ತಿ," ಅಂದಳು ಹೆಂಡತಿ, ಮತ್ತೆ ನಿಧಾನವಾಗಿ ಬಡಿಯತೊಡಗಿದಳು.