ಮುನ್ನೂರು ಕಿಲೋಮೀಟರಿನ ನಡುವೆ ಅಕ್ಕನ ಮಜ್ಜಿಗೆ

ನಮ್ಮಕ್ಕನ ಮನೆ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬರುವ ರಸ್ತೆಯ ಮೇಲೇ ಇದೆ. ಇಷ್ಟು ಹೇಳಿದರೆ ನನ್ನ ಕಷ್ಟ ಅರ್ಧ ಹೇಳಿದಂತೆ. ಮೊದಲು ಅವರು ಊರೊಳಗೆ ಇದ್ದರು. ಆಮೇಲೆ ಭಾವನವರು ರಸ್ತೆ ಬದಿಯ ಹಿಪ್ಪುನೇರಳೆ ತೋಟದಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಹೋಗಿ ಹೊಟ್ಟೆ ತುಂಬ ಉಂಡು ಹರಸಿ ಬಂದವನು ನಾನೇ. ಊರೊಳಗೇ ಇದ್ದಿದ್ದರೆ ನನ್ನ ಗೋಡೆಯ ಮೇಲೆ ಇವತ್ತು ಒಂದು ಪದಕ ತೂಗುತ್ತಿತ್ತು.

ಪದಕ ಅಂದರೆ ಚಿನ್ನದ್ದೇನಲ್ಲ. ದೂರದ ಸೈಕಲ್ ಸವಾರಿ ಮಾಡುವವರಲ್ಲಿ ಒಂದು ಪದ್ಧತಿ ಇದೆ. ಒಂದೇ ವರ್ಷದಲ್ಲಿ ಇನ್ನೂರು, ಮುನ್ನೂರು, ನಾನೂರು, ಆರುನೂರು ಕಿಲೋಮೀಟರಿನ ನಾಲ್ಕು ಸವಾರಿಗಳನ್ನು ಗಡುವಿನೊಳಗೆ ಮುಗಿಸಿದವರಿಗೆ ಒಂದು ಪದಕ ಕೊಡುತ್ತಾರೆ. ಇದು ಓಟದ ಪಂದ್ಯವಲ್ಲ. ಎಲ್ಲರಿಗಿಂತ ಮೊದಲು ಬಂದವನಿಗೂ ಗಡುವಿನ ಬಾಲ ಹಿಡಿದು ಬಂದವನಿಗೂ ಒಂದೇ ಮರ್ಯಾದೆ. ನಾನು ಬಾಲ ಹಿಡಿದು ಬರುವವರ ಪೈಕಿ. ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ, ನಿವೃತ್ತಿ ಹತ್ತಿರದಲ್ಲಿದೆ, ಮಂಡಿಗಳಿಗೆ ಆಗಲೇ ನಿವೃತ್ತಿಯಾಗಿದೆ. ಮೂಳೆ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, “ಮೇಷ್ಟ್ರೇ, ಏನಿದ್ರೂ ಈ ವರ್ಷ ಮುಗಿಸ್ಕೊಳ್ಳಿ. ಆಮೇಲೆ ಸೈಕಲ್ಲು ಸಂತೆಗೆ ಹೋಗೋಕೆ ಮಾತ್ರ,” ಎಂದಿದ್ದರು. ಇನ್ನೂರು, ನಾನೂರು, ಆರುನೂರು ಮೂರನ್ನೂ ಹಲ್ಲು ಕಚ್ಚಿ ಮುಗಿಸಿದ್ದೆ. ಉಳಿದಿದ್ದದ್ದು ಮುನ್ನೂರು ಮಾತ್ರ, ಅದೂ ನಮ್ಮ ಊರಿನ ಸುತ್ತಲೇ. ಚಿಕ್ಕಬಳ್ಳಾಪುರದಲ್ಲಿ ಹೊರಟು, ಗೌರಿಬಿದನೂರು ಮುಟ್ಟಿ ಹಿಂತಿರುಗಿ, ಪೆರೇಸಂದ್ರದಲ್ಲಿ ಹೆದ್ದಾರಿ ಹಿಡಿದು ಆಂಧ್ರದ ಗಡಿಯವರೆಗೆ ಹೋಗಿ, ಸುತ್ತಿ ಬಳಸಿ ಚಿಂತಾಮಣಿಗೆ ಇಳಿದು, ಶಿಡ್ಲಘಟ್ಟದ ಮೇಲೆ ಮನೆಗೆ. ನಾನು ಹುಟ್ಟಿ ಬೆಳೆದ ರಸ್ತೆಗಳು. ಕಣ್ಣು ಮುಚ್ಚಿಕೊಂಡು ಮುಗಿಸಬಹುದಿತ್ತು, ನಡುವೆ ಅಕ್ಕ ಇಲ್ಲದಿದ್ದರೆ.

ಏಕೆಂದರೆ ಈ ಸವಾರಿಗೆ ಒಂದು ನಿಯಮ ಇದೆ. ದಾರಿಯಲ್ಲಿ ನಿನ್ನ ಕಷ್ಟ ನೀನೇ ನೋಡಿಕೊಳ್ಳಬೇಕು. ಪಂಕ್ಚರ್ ಆದರೆ ನೀನೇ ಹಾಕಿಕೋ, ಹಸಿವಾದರೆ ಅಂಗಡಿಯಲ್ಲಿ ಕೊಂಡು ತಿನ್ನು. ಗುರುತಿಲ್ಲದ ಪುಣ್ಯಾತ್ಮರು ಕರೆದು ನೀರು ಕೊಟ್ಟರೆ ಅದೂ ಸರಿಯೇ. ಆದರೆ ನಿನ್ನ ಕಡೆಯವರು ನಿನಗಾಗಿ ಕಾದು ನಿಂತು ಏನಾದರೂ ಕೊಟ್ಟರೆ, ಅದಕ್ಕೆ ಕೈಯೊಡ್ಡಿದರೇ ತಪ್ಪು, ಸವಾರಿಯಿಂದ ಹೊರಗೆ. ಅದಕ್ಕೆ ಅವಕಾಶ ಇರುವುದು ಹಾಜರಿ ಮುದ್ರೆ ಒತ್ತುವ ಠಾಣೆಗಳಲ್ಲಿ ಮಾತ್ರ. ಅಂದರೆ ಕಂಡವರು ಕೊಟ್ಟರೆ ಕುಡಿಯಬಹುದು, ಒಡಹುಟ್ಟಿದವಳು ಕೊಟ್ಟರೆ ಕುಡಿಯಬಾರದು. ಈ ನಿಯಮ ಮಾಡಿದವರಿಗೆ ಅಕ್ಕತಂಗಿಯರು ಇರಲಿಲ್ಲ ಅಂತ ಕಾಣುತ್ತದೆ. ಇದ್ದರೂ ರಸ್ತೆ ಬದಿಯಲ್ಲಿ ಮನೆ ಕಟ್ಟಿರಲಿಲ್ಲ.

ಹೋದ ವರ್ಷವೂ ಇದೇ ಮುನ್ನೂರರಲ್ಲಿ ನಾನು ಕೆಟ್ಟೆ. ಅಕ್ಕ ಗೇಟಿನ ಮುಂದೆ ದೊಡ್ಡ ಲೋಟದಲ್ಲಿ ಮಜ್ಜಿಗೆ ಹಿಡಿದು ನಿಂತಿದ್ದಳು. ಬೇಡ ಅಂದೆ, ಬಿಡಲಿಲ್ಲ, ಕುಡಿದೆ. ಅಷ್ಟಕ್ಕೇ ಮುಗಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭಾವನವರು ಅದರ ಫೋಟೋ ತೆಗೆದು, “ನಮ್ಮ ಮನೆ ಮುಂದೆ ಸೈಕಲ್ ವೀರ” ಎಂದು ಬರೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದರು. ಅದು ಕೈಯಿಂದ ಕೈಗೆ ಹೋಗಿ ರಾತ್ರಿಯೊಳಗೆ ಆಯೋಜಕರ ಫೋನಿಗೂ ಬಂತು. ಇಡೀ ದಿನ ಬಿಸಿಲಲ್ಲಿ ತುಳಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆದ್ದರಿಂದ ಈ ವರ್ಷ ಸವಾರಿಗೆ ಮೊದಲೇ ಅಕ್ಕನಿಗೆ ಫೋನ್ ಮಾಡಿದೆ. ನಿಯಮವನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದೆ.

“ಸರಿ, ಚಿಂತಾಮಣಿ ಹೋಟ್ಲಲ್ಲಿ ಮುದ್ರೆ ಒತ್ತುತಾರೆ ಅಂದ್ಯಲ್ಲ, ಅಲ್ಲಿ ಕೊಟ್ರೆ ತಪ್ಪಿಲ್ವಾ?” ಎಂದಳು.

“ತಪ್ಪಿಲ್ಲ. ಅಷ್ಟು ಆಸೆ ಇದ್ರೆ ಅಲ್ಲಿಗೇ ಬಾ.”

“ಹೋಟ್ಲು ಮುಂದೆ ನಿಂತ್ಕೊಂಡು ತಮ್ಮಂಗೆ ಮಜ್ಜಿಗೆ ಕೊಡೋಕೆ ನಾನೇನು ಮನೆ ಇಲ್ದೋಳಾ?”

“ಹಾಗಾದ್ರೆ ಬಾಗ್ಲು ಹಾಕ್ಕೊಂಡು ಒಳಗಿರು. ನಾನು ನಿಲ್ಲಲ್ಲ.”

“ನಿಲ್ದೆ ಎಲ್ಲೋಗ್ತೀಯ? ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ?”

ಅವಳದೂ ಪೂರ್ತಿ ತಪ್ಪಲ್ಲ, ಅದೇ ನನ್ನ ಸಿಟ್ಟನ್ನು ಹೆಚ್ಚಿಸುವುದು. ನಮ್ಮ ಕಡೆ ತವರಿನವರು ಮನೆ ಮುಂದೆ ಹಾದುಹೋಗಿ ಒಂದು ತೊಟ್ಟು ನೀರಾದರೂ ಕುಡಿಯದೆ ಹೋದರು ಅಂದರೆ ಜಗಳ ಆಗಿದೆ ಎಂದೇ ಅರ್ಥ. ಮಾರನೆಯ ದಿನ ಹಾಲಿನ ಡೇರಿಯ ಮುಂದೆ ನಾಲ್ಕು ಜನ ಕೇಳುತ್ತಾರೆ: “ಏನಮ್ಮಾ, ನಿಮ್ ತಮ್ಮ ಹಂಗೇ ಹೋಗ್ಬಿಟ್ರಲ್ಲ, ಏನಾದ್ರೂ ಮಾತು ಬಂತಾ?” ಸೈಕಲ್ ಕ್ಲಬ್ಬಿನ ನಿಯಮವನ್ನು ಡೇರಿಯ ಮುಂದೆ ಯಾರಿಗೆ ವಿವರಿಸುವುದು? ಅಕ್ಕ ಫೋನಿನಲ್ಲೇ ಒಂದು ದಾರಿ ಕಂಡುಹಿಡಿದಳು.

“ಗುರ್ತಿಲ್ದೋರು ಕೊಟ್ರೆ ಕುಡೀಬೋದಲ್ವಾ? ಬರೋರಿಗೆಲ್ಲಾ ಕೊಡ್ತೀನಿ. ನಿಂಗೂ ಕೊಡ್ತೀನಿ. ನೀನು ಯಾರೋ, ನಾನು ಯಾರೋ.”

“ಅಕ್ಕಾ, ಅದು ಮೋಸ.”

“ಮಜ್ಜಿಗೆ ಕೊಡೋದು ಯಾವ ಮೋಸ ಕಣೋ?” ಎಂದು ಫೋನ್ ಇಟ್ಟುಬಿಟ್ಟಳು. ಇನ್ನು ಅವಳ ಜೊತೆ ವಾದ ಮಾಡುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದುಕೊಂಡು, ತಲೆ ಬಗ್ಗಿಸಿ ಮನೆ ದಾಟಿಬಿಡುವುದೆಂದು ತೀರ್ಮಾನಿಸಿದೆ.

ಸವಾರಿಯ ದಿನ ಬೆಳಗಿನಿಂದಲೇ ಎಲ್ಲವೂ ಎಡವಟ್ಟು. ಗೌರಿಬಿದನೂರಿನ ದಾರಿಯಲ್ಲಿ ಮುಖಕ್ಕೆ ಹೊಡೆಯುವ ಗಾಳಿ, ಹೆದ್ದಾರಿಯಲ್ಲಿ ಬೆನ್ನಿಗೆ ಅಂಟಿಕೊಂಡು ಹಾರ್ನ್ ಬಾರಿಸುವ ಲಾರಿಗಳು, ಮಧ್ಯಾಹ್ನಕ್ಕೆ ಎಡ ಮಂಡಿಯಲ್ಲಿ ಹಳೆಯ ನೋವು. ಜೊತೆಯಲ್ಲಿ ಹೊರಟ ಬೆಂಗಳೂರಿನ ಹುಡುಗರು ನನ್ನ ವಯಸ್ಸಿಗೆ ಗೌರವ ಕೊಟ್ಟು, “ಬನ್ನಿ ಅಂಕಲ್, ಆರಾಮಾಗಿ ಬನ್ನಿ,” ಎಂದು ಹೇಳಿ ಕಣ್ಮರೆಯಾದರು. ಆರಾಮಾಗಿ ಬರುವುದಾಗಿದ್ದರೆ ಮನೆಯಲ್ಲೇ ಇರುತ್ತಿರಲಿಲ್ಲವೇ? ಚಿಂತಾಮಣಿಯ ಹೋಟೆಲಿನಲ್ಲಿ ಮುದ್ರೆ ಒತ್ತಿಸಿಕೊಂಡು ಗೋಡೆಗೆ ಒರಗಿ ಕೂತಾಗ ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಟೊಮೇಟೊ ವ್ಯಾಪಾರಿಯೊಬ್ಬ ನನ್ನ ಬಿಗಿ ಚಡ್ಡಿಯನ್ನೂ ಉಪ್ಪುಗಟ್ಟಿದ ಮುಖವನ್ನೂ ನೋಡಿ ಮರುಗಿ, “ಬಸ್ಸು ದೊರಕಲೇದಾ ಸ್ವಾಮೀ?” ಎಂದ. ಬೆಳಗಿನಿಂದ ನಾನೂರು ಜನ ಕೇಳಿದ ಪ್ರಶ್ನೆ ತೆಲುಗಿನಲ್ಲಿ ಇನ್ನೂ ಹೆಚ್ಚು ಕರುಣೆಯಿಂದ ಕೇಳಿಸಿತು. ಬಸ್ಸು ಸಿಗಲಿಲ್ಲ ಎಂದು ಹೇಳಿ ಎದ್ದೆ. ಅದೇ ಸುಲಭದ ಉತ್ತರ.

ಆದರೂ ಲೆಕ್ಕ ನನ್ನ ಕಡೆಗೇ ಇತ್ತು. ಗಡುವಿಗೆ ಇನ್ನೂ ಸಾಕಷ್ಟು ಹೊತ್ತಿತ್ತು. ಶಿಡ್ಲಘಟ್ಟ ದಾಟಿದರೆ ಚಿಕ್ಕಬಳ್ಳಾಪುರ, ಅಲ್ಲಿಗೆ ಕುಂಟಿಕೊಂಡು ಹೋದರೂ ಪದಕ. ಹೊತ್ತು ಇಳಿಯುತ್ತಿತ್ತು. ಅಕ್ಕನ ಊರಿನ ತಿರುವು ಬಂದಾಗ ತಲೆ ಬಗ್ಗಿಸಿ ಪೆಡಲ್ ಜೋರಾಗಿ ತುಳಿದೆ. ತಲೆ ಎತ್ತಿದರೆ ಮುಂದೆ ರಸ್ತೆಯೇ ಕಾಣಲಿಲ್ಲ.

ಅಕ್ಕನ ಗೇಟಿನ ಮುಂದೆ ಜಾತ್ರೆಯಷ್ಟು ಸೈಕಲ್ಲು. ಹೊಂಗೆ ಮರದ ಕೆಳಗೆ ಮೇಜು, ಮೇಜಿನ ಮೇಲೆ ಮಣ್ಣಿನ ಗಡಿಗೆ, ಪಕ್ಕದಲ್ಲಿ ಪೇಪರ್ ಕಪ್ಪುಗಳ ರಾಶಿ. ಆರಾಮಾಗಿ ಬರಲು ಹೇಳಿದ್ದ ಹುಡುಗರೆಲ್ಲ ಅಲ್ಲೇ ಕೂತು ಆರಾಮಾಗಿ ಮಜ್ಜಿಗೆ ಹೀರುತ್ತಿದ್ದರು. ಸಾಲದ್ದಕ್ಕೆ ಸವಾರಿಯ ಮೇಲ್ವಿಚಾರಕರೂ ಇದ್ದರು. ಬೈಕಿನಲ್ಲಿ ಓಡಾಡಿ ಯಾರು ನಿಯಮ ಮುರಿದರು ಎಂದು ನೋಡುವುದು ಅವರ ಕೆಲಸ. ಹೋದ ವರ್ಷ ನನ್ನನ್ನು ಹೊರಗೆ ಹಾಕಿದವರು ಅವರೇ. ಅವರ ಕೈಯಲ್ಲೂ ಒಂದು ಕಪ್ಪು ಇತ್ತು. ರಸ್ತೆಗೆ ಅಡ್ಡ ನಿಂತ ಸೈಕಲ್ಲುಗಳ ಮಧ್ಯೆ ದಾರಿ ಸಿಗದೆ ನಾನು ಕಾಲು ಕೆಳಗಿಟ್ಟೆ.

ಅಕ್ಕ ನನ್ನನ್ನು ನೋಡಿದಳು. ನೋಡಿ, ಅಪರಿಚಿತೆಯಾದಳು. ಅಷ್ಟು ಕೆಟ್ಟ ನಟನೆಯನ್ನು ನಾನು ಸ್ಕೂಲ್ ಡೇ ನಾಟಕದಲ್ಲೂ ಕಂಡಿಲ್ಲ.

“ಯಾವೂರಪ್ಪಾ ನಿಮ್ದು?” ಎಂದು ಎಲ್ಲರಿಗೂ ಕೇಳಿಸುವಂತೆ ಕೂಗಿ ಕೇಳಿದಳು.

“ಚಿಕ್ಕಬಳ್ಳಾಪುರ,” ಎಂದೆ, ಹಲ್ಲು ಕಚ್ಚಿಕೊಂಡು.

“ಓಹೋ, ದೂರ ಆಯ್ತು,” ಎಂದಳು. ಅಲ್ಲೇ ಹುಟ್ಟಿ ಬೆಳೆದವಳು ಅವಳು. ಅಲ್ಲಿನ ಬೀದಿಯಲ್ಲಿ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯಲು ನಾನು ಕಲಿಯುವಾಗ ಕ್ಯಾರಿಯರ್ ಹಿಡಿದು ಲಂಗ ಎತ್ತಿ ಕಟ್ಟಿ ಹಿಂದೆ ಓಡಿದವಳು. ಅವಳಿಗೆ ಮಾತ್ರ ಸೈಕಲ್ ಹತ್ತಲು ಮನೆಯಲ್ಲಿ ಬಿಡಲಿಲ್ಲ.

ಇಷ್ಟರ ತನಕ ಹೇಗೋ ನಡೆಯಿತು. ಆಮೇಲೆ ಅವಳು ನಮ್ಮ ಮನೆತನದವರು ಮಾತ್ರ ಮಾಡುವಂಥ ತಪ್ಪು ಮಾಡಿದಳು. ಎಲ್ಲರಿಗೂ ಪೇಪರ್ ಕಪ್ಪಿನಲ್ಲಿ ಕೊಟ್ಟವಳು ನನಗೆ ಮೇಜಿನ ಕೆಳಗಿನಿಂದ ದೊಡ್ಡ ಸ್ಟೀಲ್ ಲೋಟ ತೆಗೆದಳು. ನಾನು ಅವಳ ಮನೆಗೆ ಹೋದಾಗಲೆಲ್ಲ ಕುಡಿಯುವ ಲೋಟ. ಅದನ್ನು ತುಂಬಿ, ಸೆರಗಿನಿಂದ ಹೊರಮೈ ಒರೆಸಿ ನನ್ನ ಕೈಗಿಟ್ಟು, “ಒಂದೇ ಸಲ ಗಟಗಟ ಕುಡೀಬೇಡ, ಗಂಟ್ಲು ಕಟ್ಟುತ್ತೆ,” ಎಂದಳು. ತವರಿನ ತಮ್ಮನಿಗೆ ಕಾಗದದ ಕಪ್ಪಿನಲ್ಲಿ ಕೊಡಲು ಅವಳ ಕೈ ಬರಲಿಲ್ಲ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮೇಲ್ವಿಚಾರಕರು ಹತ್ತಿರ ಬಂದರು. “ಅಮ್ಮಾ, ಇವರೊಬ್ಬರಿಗೇ ಯಾಕೆ ಲೋಟ?”

“ಕಪ್ಪು ಮುಗೀತಪ್ಪಾ,” ಎಂದಳು ಅಕ್ಕ, ಮೊಳದುದ್ದದ ಕಪ್ಪುಗಳ ರಾಶಿಯ ಪಕ್ಕದಲ್ಲಿ ನಿಂತು.

ಅವರು ರಾಶಿಯನ್ನು ನೋಡಿದರು, ನನ್ನನ್ನು ನೋಡಿದರು. ನಕ್ಕರೋ ಇಲ್ಲವೋ ಬಾಯಿಗಿಟ್ಟ ಕಪ್ಪಿನ ಮರೆಯಲ್ಲಿ ಗೊತ್ತಾಗಲಿಲ್ಲ. “ಇವರು ನಿಮಗೆ ಏನಾಗಬೇಕಮ್ಮಾ?”

“ಏನೂ ಆಗ್ಬೇಕಿಲ್ಲ. ಯಾರೋ ದಾರೀಲಿ ಹೋಗೋರು.” ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವರು ನಂಬಲಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು, ಇನ್ನೊಂದು ಮಾತು ಸೇರಿಸಿದಳು. “ನಂಗೆ ತಮ್ಮಂದಿರೇ ಇಲ್ಲ.”

ದೀಪ ಹಚ್ಚುವ ಹೊತ್ತು. ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಇಲ್ಲ, ಹೋಯಿತು ಎನ್ನುವ ಮಾತು ಆಡಬಾರದು. ಅಸ್ತು ದೇವತೆಗಳು ಮನೆಯ ಮೇಲೆ ಓಡಾಡುತ್ತಿರುತ್ತಾರೆ, ಆಡಿದ ಮಾತಿಗೆಲ್ಲ ಅಸ್ತು ಎಂದುಬಿಡುತ್ತಾರೆ. ಡಬ್ಬದಲ್ಲಿ ಅಕ್ಕಿ ಇಲ್ಲದಿದ್ದರೂ ಅಕ್ಕಿ ತುಂಬಿದೆ ಎನ್ನಬೇಕು. ಇದನ್ನು ನನಗೆ ಹೇಳಿಕೊಟ್ಟವಳು ಅಕ್ಕನೇ, ತಪ್ಪಿ ಆಡಿದರೆ ಬಾಯಿಗೆ ಹೊಡೆಯುತ್ತಿದ್ದವಳೂ ಅವಳೇ. ಮಾತು ಹೊರಬಿದ್ದ ಕೂಡಲೇ ಅವಳ ಮುಖ ಬಿಳಿಚಿಕೊಂಡಿತು. ಸೌಟು ಹಿಡಿದ ಕೈ ಗಡಿಗೆಯ ಮೇಲೆ ಹಾಗೇ ನಿಂತಿತು. ನಾನು ಗಣಿತದ ಮೇಷ್ಟ್ರು, ದೇವತೆ ಗೀವತೆ ನಂಬುವವನಲ್ಲ. ಆದರೂ ಕೆಂಡದಂಥ ಕೋಪ ಬಂತು. ಅವಳ ಮೇಲೋ, ಆ ನಿಯಮದ ಮೇಲೋ, ಒಂದು ಬಿಲ್ಲೆಯ ಆಸೆಗೆ ಇಷ್ಟು ದೂರ ತುಳಿದು ಬಂದ ನನ್ನ ಮೇಲೋ ಈಗಲೂ ಹೇಳಲಾರೆ.

“ನಮ್ಮಕ್ಕ ಸಾರ್ ಇವಳು!” ಎಂದು ಕಿರುಚಿದೆ. “ಒಡಹುಟ್ಟಿದ ಅಕ್ಕ. ಬರ್ಕೊಳ್ಳಿ.”

ಹುಡುಗರೆಲ್ಲ ತಿರುಗಿ ನೋಡಿದರು. ಮೇಲ್ವಿಚಾರಕರು ಕಪ್ಪನ್ನು ಮೇಜಿನ ಮೇಲಿಟ್ಟು, ನನ್ನನ್ನು ಪಕ್ಕಕ್ಕೆ ಕರೆದು, “ಅಲ್ಲ ಮೇಷ್ಟ್ರೇ, ನಾನು ಸುಮ್ನೆ ತಮಾಷೆಗೆ ಕೇಳಿದ್ದು. ನೀವು ಬಾಯಿ ಮುಚ್ಕೊಂಡು ಇದ್ದಿದ್ರೆ ನಾನೂ ಮುಚ್ಕೊಂಡು ಹೋಗ್ತಿದ್ದೆ. ಈಗ ಎಲ್ಲರ ಮುಂದೆ ಹೇಳಿದ್ರಲ್ಲ,” ಎಂದರು. ಅವರಿಗೂ ಬೇಜಾರಾಗಿತ್ತು. ಆದರೂ ನನ್ನ ಹಾಜರಿ ಚೀಟಿ ಈಸಿಕೊಂಡು ಅಡ್ಡಗೆರೆ ಎಳೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಎರಡನೇ ಸಲ, ಅದೇ ಮನೆಯ ಮುಂದೆ, ಅದೇ ಲೋಟದಿಂದ.

ಅವರು ಹೋದರು, ಹುಡುಗರೂ ನನ್ನ ಬೆನ್ನು ತಟ್ಟಿ ಒಬ್ಬೊಬ್ಬರಾಗಿ ಹೊರಟರು. ಅಕ್ಕ ಅಲ್ಲಿಯವರೆಗೆ ತಡೆದುಕೊಂಡಿದ್ದಳು.

“ಬುದ್ಧಿ ಇದೆಯೇನೋ ನಿಂಗೆ? ನಾನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ನಲ್ಲೋ! ಜನ್ಮದಲ್ಲಿ ಅಷ್ಟು ಸುಳ್ಳು ಹೇಳಿರ್ಲಿಲ್ಲ. ಎಲ್ಲಾ ಹಾಳು ಮಾಡ್ದೆ.”

“ಇಲ್ಲ ಅನ್ನೋ ಮಾತು ಯಾಕಂದೆ? ಈ ಹೊತ್ತಲ್ಲಿ?”

“ಬಾಯಿ ತಪ್ಪಿ ಬಂತು ಕಣೋ.”

“ಹಾಗೆ ಬಾಯಿ ತಪ್ಪಿದ್ದಕ್ಕೇ ನನ್ನ ಪದಕ ಹೋಯ್ತು. ಇನ್ನು ಈ ಮಂಡೀಲಿ ಆಗಲ್ಲ, ಗೊತ್ತಾ? ಇದೇ ಕೊನೇದು.”

ಅವಳಿಗೆ ಅದು ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ. ಅವಳು ಲೋಟವನ್ನು ಮತ್ತೆ ನನ್ನ ಕೈಗಿಟ್ಟಳು. “ಕುಡಿ. ಈಗ ಯಾವ ರೂಲ್ಸೂ ಇಲ್ವಲ್ಲ,” ಎಂದಳು. ಕುಡಿದೆ. ಬೆಳಗಿನಿಂದ ಹೊರಗಿಟ್ಟ ಮಜ್ಜಿಗೆ ಹುಳಿಯಾಗಿತ್ತು, ಉಪ್ಪು ಜಾಸ್ತಿಯಾಗಿತ್ತು. ಇದಕ್ಕೋಸ್ಕರವಾ ಎಂದು ಇನ್ನೂ ಸಿಟ್ಟು ಬಂತು. ಆದರೂ ಲೋಟ ಖಾಲಿಯಾಗುವವರೆಗೂ ಕೆಳಗಿಡಲಿಲ್ಲ.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ನಾನು ಸೈಕಲ್ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದೆ. ನಡುಮನೆಯಲ್ಲಿ ಬೆಂಕಿಕಡ್ಡಿ ಗೀಚಿದ ಸದ್ದಾಯಿತು, ದೇವರ ಮುಂದೆ ದೀಪ ಹತ್ತಿತು. ಅವಳು ದೇವರಿಗೆ ಕೈ ಮುಗಿಯಲಿಲ್ಲ. ತಲೆ ಎತ್ತಿ, ಸೂರಿನ ಮೇಲೆ ಯಾರೋ ಕೂತಿದ್ದಾರೆ ಎಂಬಂತೆ, ಮೇಜಿನ ಹತ್ತಿರ ಕೂಗಿದ್ದಕ್ಕಿಂತಲೂ ಜೋರಾಗಿ ಹೇಳಿದಳು:

“ನಂಗೆ ಒಬ್ಬ ತಮ್ಮ ಇದ್ದಾನೆ. ಗಟ್ಟಿಯಾಗಿದ್ದಾನೆ. ಅವನ ಮಂಡೀನೂ ಗಟ್ಟಿಯಾಗಿದೆ.”